ಸದ್ದಿಲ್ಲದ ಸೈಕಲ್ಲು

"ಕಿವಿಯಾರೆ ಕೇಳಿದ್ದು ಸುಳ್ಳಾಗುತ್ತದೆಯೇ, ಅವ್ವಾ?"

ಕೇಳಿದವನು ಶಿಷ್ಯ ಈರಭದ್ರ. ಮಠದ ಬಾಗಿಲನ್ನು ಕಾಲಿನಿಂದಲೇ ಒದ್ದುಕೊಂಡು ಬಂದಿದ್ದ. ಬಾಗಿಲು ಗೋಡೆಗೆ ಬಡಿದ ರಭಸಕ್ಕೆ, ಹರಟುತ್ತ ಹೂ ಕಟ್ಟುತ್ತಿದ್ದ ಹೆಂಗಸರು ಮಾತು ನುಂಗಿಕೊಂಡು ತಲೆ ತಗ್ಗಿಸಿದ್ದರು. ಗುರು ದೇವೀರಮ್ಮ ಮಾತ್ರ ಅವರೆಕಾಯಿ ಸುಲಿಯುತ್ತಲೇ ಇದ್ದರು.

"ಏನು ಕೇಳಿದೆ?"

"ಹೊರಗೆ ಜಗಲಿಯವರೆಗೂ ಹೆಂಡತಿಯ ನಗು, ತಮ್ಮನ ನಗು. ನಾನು ಒಳಗೆ ಕಾಲಿಟ್ಟೆನೋ, ಇಬ್ಬರೂ ತುಟಿ ಹೊಲಿದುಕೊಂಡ ಹಾಗೆ ಕೂರುತ್ತಾರೆ. ದಿನಾ ಇದೇ. ಇವತ್ತು ಇಬ್ಬರನ್ನೂ ಬೀದಿಗೆ ಹಾಕುತ್ತೇನೆ. ನಿಮ್ಮ ಅಪ್ಪಣೆ ಒಂದು ಬೇಕು."

"ಅಪ್ಪಣೆ ಎಲ್ಲಿ ಓಡಿಹೋಗುತ್ತದೆ. ಕೂತುಕೋ," ಎಂದು ದೇವೀರಮ್ಮ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿ. ಕೈ ಒಳ್ಳೆಯದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಆ ಗದ್ದಲದಲ್ಲಿ ಬೀದಿಯಲ್ಲಿ ಹೆಣ ಹೋದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಸಂಜೆ ಮಿಷನ್ನು ನಿಂತ ಮೇಲೆಯೇ ಅವನಿಗೆ ಕಿವಿ ಬರುತ್ತಿತ್ತು. ಹಾಗೆ ಬಂದ ಕಿವಿಗೆ ಒಂದು ದಿನ ಕಿಟಕಿಯ ಆಚೆಯಿಂದ ಕಟಕಟಕಟ ಎಂಬ ಸದ್ದು ಬಿತ್ತು. ಸೈಕಲ್ಲು ತುಳಿಯುವವನು ಕಾಲು ನಿಲ್ಲಿಸಿದರೆ ಹಿಂದಿನ ಚಕ್ರ ಮಾಡುತ್ತದಲ್ಲ, ಆ ಸದ್ದು. ಬಗ್ಗಿ ನೋಡಿದರೆ ಬಳೆಗಾರ. ಅದೇ ಹೊತ್ತಿಗೆ ದರ್ಜಿಯ ಹೆಂಡತಿ ಮಡಿಲ ತುಂಬ ಬಟ್ಟೆಯ ಚೂರು ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮರುದಿನವೂ ಕಟಕಟ, ಮರುದಿನವೂ ಅವಳು ಬಾಗಿಲಲ್ಲಿ. ಮೂರನೆಯ ದಿನಕ್ಕೆ ದರ್ಜಿಗೆ ಎಲ್ಲವೂ ತಿಳಿದುಹೋಯಿತು. ಊರೆಲ್ಲ ತುಳಿದುಕೊಂಡು ಬರುವವನು ತನ್ನ ಮನೆಯ ಮುಂದೆಯೇ ಏಕೆ ಕಾಲು ನಿಲ್ಲಿಸಬೇಕು? ಅದೂ ಎಂಥವನು, ಹೆಂಗಸರ ಕೈ ಹಿಡಿಯುವುದೇ ಕಸುಬಾದವನು. ಹೆಂಡತಿಯ ಕೈಯಲ್ಲಿ ಹೊಸ ಹಸಿರು ಬಳೆ ಬೇರೆ.

"ಈ ಬಳೆ ಅವನೇ ಕೈ ಹಿಡಿದು ತೊಡಿಸಿದನೋ?" ಎಂದು ಕೇಳಿದ.

"ಇನ್ನೇನು, ಕಾಲು ಹಿಡಿದು ತೊಡಿಸುತ್ತಾರೆಯೇ?" ಎಂದು ಅವಳು ನಕ್ಕಳು.

ಆ ನಗು ಅವನ ಎದೆಯಲ್ಲಿ ಕೆಂಡವಾಯಿತು. ಹಿಡಿದರೆ ಕೈಯಾರೆ ಹಿಡಿಯಬೇಕು ಎಂದುಕೊಂಡ. ಹಿಂಬಾಲಿಸಲು ಸೈಕಲ್ಲು ಬೇಕು. ಆದರೆ ಯಾರ ಸೈಕಲ್ಲು ತಂದರೂ ಅದು ಕಟಕಟ ಎಂದು ಸುಳಿವು ಕೊಡುತ್ತದೆ. ಕೊನೆಗೆ ಗುಜರಿಯವನಲ್ಲಿಗೆ ಹೋದ.

"ಹಿಂದಿನ ಚಕ್ರದಲ್ಲಿ ಕಟಕಟ ಎನ್ನುವ ಫ್ರೀವೀಲು ಕಿತ್ತುಹಾಕು," ಎಂದ ಗುಜರಿಯವನು. "ಆ ಜಾಗಕ್ಕೆ ಗಟ್ಟಿ ಹಲ್ಲುಚಕ್ರ ಕೂರಿಸಿ ಬೆಸುಗೆ ಹಾಕಿಸು. ಸೈಕಲ್ಲು ಉಸಿರೆತ್ತುವುದಿಲ್ಲ. ಆದರೆ ಚಕ್ರ ಸುತ್ತುವಷ್ಟು ಹೊತ್ತೂ ಪೆಡಲು ಸುತ್ತುತ್ತದೆ, ಕಾಲಿಗೆ ಬಿಡುವಿಲ್ಲ. ಬ್ರೇಕು ಮಾತ್ರ ಬಿಚ್ಚಬೇಡ."

ದರ್ಜಿ ಉಸಿರೆತ್ತುವುದಿಲ್ಲ ಎಂಬಲ್ಲಿಯವರೆಗೆ ಕೇಳಿಸಿಕೊಂಡ.

ಹಳೆಯ ಚೌಕಟ್ಟು, ಎರಡು ಚಕ್ರ ಕೊಂಡು, ಹಲ್ಲುಚಕ್ರಕ್ಕೆ ಬೆಸುಗೆ ಹಾಕಿಸಿ ಹೊತ್ತು ತಂದು ಹಿತ್ತಿಲಿನಲ್ಲಿ ಕಟ್ಟಲು ಕುಳಿತ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೇ ಚಕ್ರದ ಅಂಚಿಗೆ ಹಿಡಿದು ತಿರುಗಿಸಿದ. ಗೀಟು ಬಿದ್ದ ಕಡೆ ಸೊಟ್ಟ. ಅಲ್ಲಿ ಕಡ್ಡಿ ಬಿಗಿದು ನೆಟ್ಟಗೆ ಮಾಡಿದ. ಗಂಟೆ ಬಿಚ್ಚಿದ, ಮಡ್‌ಗಾರ್ಡು ಬಿಚ್ಚಿದ, ಚೈನಿನ ಮುಚ್ಚಳ ಬಿಚ್ಚಿದ. ಬ್ರೇಕು ಕೀಚ್ ಎಂದಿತು, ಅದನ್ನೂ ಬಿಚ್ಚಿ ಎಸೆದ. ಒಂದೊಂದು ನಟ್ಟು ತಿರುಪುವಾಗಲೂ ಬಳೆಗಾರನ ಕುತ್ತಿಗೆಯನ್ನೇ ತಿರುಪುತ್ತಿದ್ದ. ಹೆಂಡತಿ ಪಾಪ, ಹಿಡಿ ಎಂದಾಗ ಚಕ್ರ ಹಿಡಿದಳು, ಮಿಷನ್ನಿನ ಎಣ್ಣೆ ತಂದುಕೊಟ್ಟಳು.

"ಕ್ಯಾರಿಯರ್ ಹಾಕಲಿಲ್ಲವಲ್ಲ. ಅಮ್ಮನ ಮನೆಗೆ ಹೋಗುವಾಗ ನಾನೆಲ್ಲಿ ಕೂರಲಿ?"

"ಇದರಲ್ಲಿ ನಿನಗೆ ಜಾಗವಿಲ್ಲ," ಎಂದ.

ಬಾವಿಯ ಸುತ್ತ ನಾಲ್ಕು ಸುತ್ತು ಹೊಡೆದು ನೋಡಿದ. ಹಾವು ಹರಿದ ಹಾಗಿತ್ತು. ಆ ಸಂಜೆ ಎಂದಿನಂತೆ ಮಿಷನ್ನು ನಿಲ್ಲಿಸಿದ. ಹಿತ್ತಿಲಿನಿಂದ ಸೈಕಲ್ಲು ತೆಗೆದುಕೊಂಡು ಬೀದಿಯ ತಿರುವಿನಲ್ಲಿ ಕಾದ. ಬಳೆಗಾರ ಬಂದ. ದರ್ಜಿ ಹಿಂದೆ ಬಿದ್ದ. ಸರಿಯಾಗಿ ದರ್ಜಿಯ ಮನೆ ಹತ್ತಿರ ಬಂದಾಗ ಬಳೆಗಾರ ಕಾಲು ನಿಲ್ಲಿಸಿದ. ಕಟಕಟಕಟ. ಹೆಂಡತಿ ಬಾಗಿಲಿಗೆ ಬಂದಳು.

ಸಿಕ್ಕಿದರು ಎಂದುಕೊಂಡು ದರ್ಜಿಯೂ ಕಾಲು ನಿಲ್ಲಿಸಿದ.

ಕಾಲು ನಿಲ್ಲಲಿಲ್ಲ. ಪೆಡಲು ಅವನ ಪಾದಗಳನ್ನು ಎತ್ತಿ ಎತ್ತಿ ಹಾಕಿತು. ಈಗ ಅವನು ಸೈಕಲ್ಲು ತುಳಿಯುತ್ತಿರಲಿಲ್ಲ, ಸೈಕಲ್ಲೇ ಅವನ ಕೈಲಿ ತುಳಿಸಿಕೊಳ್ಳುತ್ತಿತ್ತು. ಆಗ ಅವನ ಕಾಲಿಗೆ ತಿಳಿಯಿತು, ಅಲ್ಲಿ ರಸ್ತೆ ಇಳಿಯುತ್ತದೆ. ಹನ್ನೊಂದು ವರ್ಷ ಆ ಮನೆಯಲ್ಲಿದ್ದ. ನಡೆಯುವವನಿಗೆ ಗೊತ್ತೇ ಆಗದಷ್ಟು ಇಳಿಜಾರು, ಚಕ್ರಕ್ಕೆ ಮಾತ್ರ ಗೊತ್ತು. ಆ ಬೀದಿಯಲ್ಲಿ ಸೈಕಲ್ಲಿನ ಮೇಲೆ ಬಂದ ಯಾರಾದರೂ ಅಲ್ಲಿ ಕಾಲಿಗೆ ಬಿಡುವು ಕೊಡುತ್ತಾರೆ.

ಕಾಲಿಗೆ ತಿಳಿದದ್ದು ಬಾಯಿಗೆ ತಲುಪಲಿಲ್ಲ. ಪಂಚೆ ಚೈನಿಗೆ ಸಿಕ್ಕಿ ಪರ್ರನೆ ಹರಿಯಿತು. ಹೋಗಿ ಬಳೆಗಾರನಿಗೇ ಗುದ್ದಿದ. ಬಳೆಯೆಲ್ಲ ಬೀದಿಯ ಪಾಲು. ಅರ್ಧ ಪಂಚೆಯಲ್ಲಿ ಬಿದ್ದುಕೊಂಡೇ ಅರಚಿದ: "ನನ್ನ ಹೆಂಡತಿಗೆ ಸನ್ನೆ ಮಾಡುತ್ತೀಯೇನೋ ಹಲ್ಕಾ?"

ಬೀದಿಗೆ ಅಷ್ಟೇ ಬೇಕಾಗಿತ್ತು. ಒಲೆಯ ಮೇಲಿನ ಸಾರು ಬಿಟ್ಟು ಬಂದರು. ಬಿದ್ದವರನ್ನು ಎತ್ತಲು ಒಂದು ಕೈಯೂ ಮುಂದಾಗಲಿಲ್ಲ.

ಆಗ ದೇವಸ್ಥಾನದ ಅರ್ಚಕರು ಸೈಕಲ್ಲಿನಲ್ಲಿ ಬಂದರು. ಎಪ್ಪತ್ತಾರು ವರ್ಷ, ಒಂದು ಕಣ್ಣು ಮಂಜು. ದರ್ಜಿಯ ಮನೆಯ ಹತ್ತಿರ ಕಾಲು ನಿಲ್ಲಿಸಿದರು. ಕಟಕಟಕಟ. ಅವರ ಹಿಂದೆ ಆಸ್ಪತ್ರೆಯ ನರ್ಸಮ್ಮ. ಕಟಕಟಕಟ.

"ಅವರನ್ನೂ ಹಿಡಿಯಿರಿ," ಎಂದಳು ಹೆಂಡತಿ. "ಅವರೂ ನನಗೇ ಸನ್ನೆ ಮಾಡಿದರು."

ಬೀದಿ ನಕ್ಕಿತು. ಅವಳು ನಗಲಿಲ್ಲ, ಗಂಡನ ಕಡೆ ತಿರುಗಿದಳು.

"ನಿಮ್ಮ ಮಿಷನ್ನು ನಿಂತಿತೆಂದು ಗುಡಿಸಿ ಚೂರು ಚೆಲ್ಲಲು ಬರುತ್ತಿದ್ದೆ. ಮಿಷನ್ನು ನಿಲ್ಲದೆ ಗುಡಿಸಿದರೆ ನೀವು ಬಯ್ಯುತ್ತೀರಿ. ಚಕ್ರ ಹಿಡಿ ಎಂದಿರಿ, ಹಿಡಿದೆ. ಏಕೆ ಎಂದು ಕೇಳಲಿಲ್ಲ."

ಮಡಿಲಿನ ಚೂರುಗಳನ್ನು ಅವನ ತಲೆಯ ಮೇಲೆ ಸುರಿದಳು. ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿ, ಎಲ್ಲರ ಎದುರಿಗೆ, ಬಳೆಗಾರನ ಖಾಲಿ ಪೆಟ್ಟಿಗೆಯಲ್ಲಿಟ್ಟಳು. ಬರಿಗೈಯಲ್ಲಿ, ಗಾಜಿನ ಚೂರು ತುಳಿದುಕೊಂಡು, ರಸ್ತೆಯ ಏರು ಹಿಡಿದು ಅಮ್ಮನ ಮನೆಯ ಕಡೆಗೆ ನಡೆದಳು.

ದೇವೀರಮ್ಮ ಇನ್ನೊಂದು ಅವರೆಕಾಯಿ ತೆಗೆದುಕೊಂಡರು.

"ತಿರುಗಿ ಬಂದಳೇ?" ಎಂದು ಈರಭದ್ರ ಕೇಳಿದ.

ಹೂವಿನ ಹೆಂಗಸರು ಆಗ ತಗ್ಗಿಸಿದ ತಲೆಯನ್ನು ಇನ್ನೂ ಎತ್ತಿರಲಿಲ್ಲ. ದೇವೀರಮ್ಮ ಅವರ ಕಡೆ ಕೈ ತೋರಿಸಿದರು.

"ನೀನು ಕಾಲಿಟ್ಟ ಕೂಡಲೇ ಇವರೂ ಮಾತು ನಿಲ್ಲಿಸಿದರು, ಇವರನ್ನು ಯಾವ ಬೀದಿಗೆ ಹಾಕುತ್ತೀಯಪ್ಪ?"