ಕಪ್ಪೆಬಾಯಿಯ ಕಪ್ಪೆ ಕುಗ್ಗದೆ ಉಳಿದ ಬಗೆ

"ಹಠ ಮಾಡಿದರೆ ಕಪ್ಪೆಬಾಯಿಗೆ ಹಾಕಿ ಬರ್ತೀನಿ ನೋಡು" ಎಂಬ ಮಾತನ್ನು ಕೇಳದೆ ದೊಡ್ಡವರಾದವರು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಊಟ ಬಿಟ್ಟರೂ ಅದೇ ಮಾತು, ಮಗ್ಗಿ ತಪ್ಪಿದರೂ ಅದೇ ಮಾತು. ನನ್ನ ತಾಯಿಯೂ ಅದನ್ನು ಹೇಳಿದ್ದಾರೆ. ನಾನೂ ಅದಕ್ಕೆ ಹೆದರಿ ಹಾಗಲಕಾಯಿ ಪಲ್ಯವನ್ನು ಅಗಿಯದೆ ನುಂಗಿದ್ದೇನೆ. ಆದರೆ ಕಪ್ಪೆಬಾಯಿಯನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ಆ ಬೆದರಿಕೆಯ ಅರ್ಥವೇ ನನಗೆ ಹೊಳೆಯದೆ ಹೋಯಿತು. ಆ ಬಾಯಿಯೊಳಗೆ ಹೋದವರೆಲ್ಲ ಗಲ್ಲದ ಮೇಲಿನ ನೀರನ್ನು ಒರೆಸಿಕೊಳ್ಳುತ್ತ, ನಗುನಗುತ್ತ ಹೊರಗೆ ಬರುತ್ತಿದ್ದರು. ಇಷ್ಟು ತಲೆಮಾರುಗಳಲ್ಲಿ ಒಬ್ಬರನ್ನೂ ನುಂಗದ ಕಪ್ಪೆಯ ಹೆಸರು ಹೇಳಿ ಮಕ್ಕಳನ್ನು ಹೆದರಿಸುವುದು ಯಾವ ನ್ಯಾಯ? ಆ ಕಪ್ಪೆಯ ಕಥೆಯನ್ನು ಬಲ್ಲವರು ಹಾಗೆ ಹೆದರಿಸಲಾರರು ಎಂದು ನನಗೆ ತೋರುತ್ತದೆ. ಅದಕ್ಕಾಗಿಯೇ ಅದನ್ನಿಲ್ಲಿ ಬರೆದಿಡುತ್ತಿದ್ದೇನೆ.

ಕಣಿವೆದುರ್ಗದ ಹಳೆಯ ಕೋಟೆಯಿಂದ ಪೂರ್ವಕ್ಕೆ ಎರಡು ಹರದಾರಿ ನಡೆದರೆ ಕಪ್ಪೆಬಾಯಿ ಸಿಗುತ್ತದೆ. ಈಗ ಅಲ್ಲಿ ಅಗಲವಾದ ಹೆದ್ದಾರಿ ಹಾದುಹೋಗಿದೆ. ಹೆದ್ದಾರಿಯ ಎರಡೂ ಬದಿಯಲ್ಲಿ ಕಳೆದ ಹತ್ತು ವರ್ಷಗಳಿಂದ ಸಿಮೆಂಟಿನ ವಿಚಿತ್ರ ಪ್ರಪಂಚವೊಂದು ಎದ್ದುನಿಂತಿದೆ. ಒಂದು ಹೋಟೆಲಿನ ಮುಂದೆ ಲಾರಿಯಷ್ಟು ಉದ್ದದ ಮಸಾಲೆದೋಸೆ ಸುರುಳಿ ಸುತ್ತಿಕೊಂಡು ಮಲಗಿದೆ. ಇನ್ನೊಂದರ ಮುಂದೆ ಕಾಫಿಯ ಲೋಟವೊಂದು ನಿಂತಿದೆ, ಅದರ ಬಟ್ಟಲಿನಲ್ಲಿ ಹತ್ತು ಜನ ಕೂತು ಊಟ ಮಾಡಬಹುದು. ಪೆಟ್ರೋಲ್ ಬಂಕಿನ ಬಳಿ ಬಾಲ ಮುರಿದ ಡೈನೋಸಾರ್ ಒಂದು ಆಕಾಶವನ್ನು ನೋಡುತ್ತಿದೆ. ಇವುಗಳ ನಡುವೆ, ಬಂಡೆಯೊಂದರ ಮೇಲೆ, ಸುಣ್ಣದ ಬಿಳುಪಿನ ಮಹಾಕಾಯದ ಕಪ್ಪೆ ಬಾಯಿ ತೆರೆದು ಕುಳಿತಿದೆ. ಅದರ ಒಂದೊಂದು ಕಣ್ಣೂ ಗಾಡಿಯ ಗಾಲಿಯಷ್ಟು ದೊಡ್ಡದು. ಪ್ರವಾಸಿಗರು ಅದನ್ನೂ ದೋಸೆಯ ಒಡಹುಟ್ಟೆಂದೇ ತಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಈ ತಪ್ಪು ತಿಳಿವಳಿಕೆಯನ್ನು ತಿದ್ದುವ ಹೊಣೆಯನ್ನು ಕುಂಬಾರ ಓಣಿಯ ಸಣ್ಣೀರಮ್ಮಜ್ಜಿ ತಾವೇ ಹೊತ್ತುಕೊಂಡಿದ್ದಾರೆ. ಎಂಬತ್ತು ದಾಟಿದ ಈ ಅಜ್ಜಿ ಕಪ್ಪೆಯ ಬಾಯೊಳಗೆ ಕೂತು ಬಂದವರಿಗೆ ನೀರು ಕೊಡುತ್ತಾರೆ. "ಆ ದೋಸೆ ನಿನ್ನೆ ಮೊನ್ನೇದು ಕಣಪ್ಪಾ," ಎಂದು ಅವರು ಎಲ್ಲರಿಗೂ ಹೇಳುತ್ತಾರೆ, "ನಮ್ಮ ಕಪ್ಪೆ ಅದರ ಮುತ್ತಜ್ಜಿ ವಾರಗೇದು. ಮೊದಲು ನೀರು ಕುಡಿ, ಆಮೇಲೆ ಪಟ ತಗಿ." ಮುಂದೆ ಬರುವುದು ಅವರ ಬಾಯಿಂದ ನಾನು ಕೇಳಿದ್ದು.

ಹಿಂದೆ ಒಮ್ಮೆ, ಕಣಿವೆದುರ್ಗವನ್ನು ಹಾಲಪ್ಪನಾಯಕನೆಂಬ ಪಾಳೆಯಗಾರನು ಆಳುತ್ತಿದ್ದ ಕಾಲದಲ್ಲಿ, ಈ ಜಾಗಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಇದ್ದದ್ದು ಕುಂಬಾರರ ಏಳು ಮನೆಗಳು, ಮಡಕೆ ಸುಡುವ ಒಂದು ಆವಿಗೆ, ಮತ್ತು ಬಂಡೆಗಳ ಮರೆಯಲ್ಲಿ ಬತ್ತದ ಒಂದು ಒರತೆ. ಉಪ್ಪು, ಹತ್ತಿ, ಬೆಲ್ಲ ಹೇರಿದ ಎತ್ತುಗಳ ಸಾಲು ದಿನವೂ ಆ ದಾರಿಯಲ್ಲಿ ಸಾಗುತ್ತಿತ್ತು. ಬೇಸಗೆಯಲ್ಲಿ ಅತ್ತ ಇತ್ತ ಎರಡು ಹರದಾರಿಯವರೆಗೆ ಬೇರೆಲ್ಲೂ ಹನಿ ನೀರು ಸಿಗುತ್ತಿರಲಿಲ್ಲ. ಕುಂಬಾರರ ಸೊಸೆ ಹೊನ್ನವ್ವನು ಪ್ರತಿ ವರ್ಷ ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಒರತೆಯ ಬಳಿ ಚಪ್ಪರ ಹಾಕಿ ಅರವಟ್ಟಿಗೆ ನಡೆಸುತ್ತಿದ್ದಳು. ಆದರೆ ದಾರಿಹೋಕರಿಗೆ ಬಂಡೆಗಳ ಹಿಂದಿನ ಆ ಚಪ್ಪರವು ಕಾಣುತ್ತಿರಲಿಲ್ಲ. ಬಲ್ಲವರು ಬಂದು ಕುಡಿಯುತ್ತಿದ್ದರು. ಹೊಸಬರು ಒಣಗಿದ ನಾಲಿಗೆಯಲ್ಲಿಯೇ ಮುಂದೆ ಹೋಗುತ್ತಿದ್ದರು. ಒಂದು ಚೈತ್ರದ ಮಧ್ಯಾಹ್ನ ಉಪ್ಪಿನ ವ್ಯಾಪಾರದ ಮುದುಕನೊಬ್ಬನು ದಾರಿಯ ಮೇಲೆಯೇ ಕುಸಿದು ಬಿದ್ದನು. ಹೊನ್ನವ್ವನು ಓಡಿಹೋಗಿ, ಅವನ ತುಟಿಗೆ ನೀರು ಹನಿಸಿ, ಕೈಹಿಡಿದು ಚಪ್ಪರಕ್ಕೆ ಕರೆತಂದಳು. ಅವನು ಹಿಂತಿರುಗಿ ತಾನು ಬಿದ್ದ ಜಾಗವನ್ನು ನೋಡಿದನು. ನಡುವೆ ಇದ್ದದ್ದು ನಲವತ್ತು ಹೆಜ್ಜೆ. "ಇಷ್ಟು ಹತ್ರ ನೀರಿತ್ತೇನವ್ವಾ?" ಎಂದು ಕೇಳಿದನು. ಬೈದಿದ್ದರೆ ಹೊನ್ನವ್ವನು ಮರೆಯುತ್ತಿದ್ದಳೋ ಏನೋ. ಆ ಮೆಲುದನಿಯ ಪ್ರಶ್ನೆಯನ್ನು ಅವಳಿಂದ ಮರೆಯಲಾಗಲಿಲ್ಲ. ಇನ್ನು ಈ ದಾರಿಯಲ್ಲಿ ಒಬ್ಬರೂ ಬಾಯಾರಿ ಮುಂದೆ ಹೋಗಬಾರದು ಎಂದು ಅವಳು ಮನಸ್ಸಿನಲ್ಲಿಯೇ ಕಟ್ಟು ಮಾಡಿಕೊಂಡಳು.

ದೂರದ ತಿರುವಿನಿಂದಲೇ ಕಾಣುವ ಗುರುತೊಂದು ಬೇಕಿತ್ತು. ಕಪ್ಪೆಯಿದ್ದಲ್ಲಿ ನೀರಿದೆ ಎಂಬುದನ್ನು ಯಾವ ಊರಿನವರಾದರೂ, ಯಾವ ಭಾಷೆಯವರಾದರೂ ತಿಳಿಯುತ್ತಾರೆಂದು ಹೊನ್ನವ್ವನು ಕಪ್ಪೆಯನ್ನೇ ಆರಿಸಿದಳು. ಎರಡೂವರೆ ಆಳಿನ ಎತ್ತರವಿದ್ದರೆ ತಿರುವಿಗೆ ಕಾಣುತ್ತದೆಂದು ಅವಳ ಲೆಕ್ಕ. ಅದಕ್ಕಿಂತ ಬಹಳ ಎತ್ತರಿಸುವಂತೆಯೂ ಇರಲಿಲ್ಲ. ದಾರಿಯ ಅಂಚಿನಲ್ಲಿ ಕಟ್ಟುವ ಯಾವುದೂ ಕೋಟೆಯ ಕಾವಲು ಬುರುಜಿನ ಎತ್ತರವನ್ನು ಮೀರಬಾರದು ಎಂದು ನಾಯಕನ ಅಜ್ಜನ ಕಾಲದಿಂದ ಕಟ್ಟಳೆಯಿತ್ತು. ಎತ್ತರದಲ್ಲಿ ನಿಂತ ಹಗೆಯವರು ಕೋಟೆಯ ಒಳಗನ್ನು ನೋಡಿಯಾರೆಂಬ ಭಯ ಅದಕ್ಕೆ ಕಾರಣ. ಆ ಬುರುಜು ಮೂರಾಳು ಎತ್ತರವಿತ್ತು. ಇಷ್ಟು ದೊಡ್ಡ ಕಪ್ಪೆಯನ್ನು ಆವಿಗೆಯಲ್ಲಿ ಸುಡುವುದು ಆಗದ ಮಾತಾದ್ದರಿಂದ, ಕಲ್ಲು ಪೇರಿಸಿ ಗಾರೆಯಲ್ಲಿ ಕಟ್ಟುವುದೆಂದು ತೀರ್ಮಾನವಾಯಿತು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯ ರಸ ಎಲ್ಲವೂ ಬಂದವು. ಗಾರೆಯ ಕೆಲಸ ಬಲ್ಲವರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಮಣ್ಣಿಗೆ ಪ್ರಾಣ ಕೊಡುವ ತಮಗೆ ಸುಣ್ಣದ ಗುಣವನ್ನು ಇನ್ನೊಬ್ಬರು ಹೇಳಿಕೊಡುವುದೇ ಎಂದು ಹೊನ್ನವ್ವನ ಮಾವ ಕೆಂಚಯ್ಯನು ಮೀಸೆ ತಿರುವಿದನಂತೆ.

ಇಲ್ಲಿ ಕುಂಬಾರರ ಕಸುಬಿನ ಒಂದು ಸಂಗತಿಯನ್ನು ತಿಳಿಯಬೇಕು. ಹಸಿಮಣ್ಣಿನ ಗಡಿಗೆಯು ಒಣಗುವಾಗ ಒಂದಿಷ್ಟು, ಸುಡುವಾಗ ಒಂದಿಷ್ಟು ಕುಗ್ಗುತ್ತದೆ. ಆದುದರಿಂದ ಬೇಕಾದ ಅಳತೆಗಿಂತ ಗೇಣಿಗೆ ಒಂದು ಬೆರಳಿನಂತೆ ಹೆಚ್ಚು ಬಿಟ್ಟೇ ಅವರು ಕೆಲಸ ಮಾಡುತ್ತಾರೆ. ಇದು ಅವರ ಕೈಗೆ ಎಷ್ಟು ಒಗ್ಗಿದೆಯೆಂದರೆ, ಹೆಚ್ಚು ಬಿಟ್ಟೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಟ್ಟಿರಾ ಎಂದು ಹಿರಿಯರನ್ನು ಕೇಳುವುದೂ ಆ ಓಣಿಯಲ್ಲಿ ಮರ್ಯಾದೆಯಲ್ಲ. ಹೊನ್ನವ್ವನು ಎರಡೂವರೆ ಆಳಿನ ಅಳತೆಗೆ ಹಗ್ಗವೊಂದನ್ನು ಹಿಡಿದು, ಕುಗ್ಗುವುದಕ್ಕೆಂದು ಗೇಣಿಗೊಂದು ಬೆರಳು ಸೇರಿಸಿ, ಗಂಟು ಹಾಕಿ ಮಾವನಿಗೆ ಕೊಟ್ಟಳು. ಹಗ್ಗವು ಕೆಂಚಯ್ಯನಿಂದ ಅವನ ಮಗ, ಅಂದರೆ ಹೊನ್ನವ್ವನ ಗಂಡ, ತಿಪ್ಪಣ್ಣನ ಕೈಗೆ ಹೋಯಿತು. ತಿಪ್ಪಣ್ಣನಿಂದ ಅವನ ತಂಗಿ ದುರುಗವ್ವನ ಕೈಗೆ ಹೋಯಿತು. ಬಂಡೆಯ ಪಕ್ಕದಲ್ಲಿ ಬಿದಿರಿನ ಗಳು ನೆಟ್ಟು ಎತ್ತರವನ್ನು ಗುರುತು ಮಾಡಿದವಳು ದುರುಗವ್ವ.

ಒಂದೂವರೆ ತಿಂಗಳಿನಲ್ಲಿ ಕಪ್ಪೆ ಎದ್ದುನಿಂತಿತು. ಎಲ್ಲರ ಎಣಿಕೆಗೂ ಮೀರಿ ನಿಂತಿತು. ಕಿರಿದಾದ ಸೀಳಾಗಬೇಕಿದ್ದ ಬಾಯಿಯು ಪಡಸಾಲೆಯಷ್ಟು ಅಗಲವಾಗಿತ್ತು. ಒಳಗೆ ಎಂಟು ಜನ ತಲೆಬಗ್ಗಿಸದೆ ನಿಲ್ಲಬಹುದಿತ್ತು. ಹೊನ್ನವ್ವನು ಅದನ್ನು ಕಂಡು ಒಂದು ಗಳಿಗೆ ಬೆರಗಾದಳು. ಮರುಗಳಿಗೆಯಲ್ಲಿಯೇ ಚಪ್ಪರವನ್ನು ಬಿಚ್ಚಿ, ನೀರಿನ ಗುಡಾಣಗಳನ್ನೆಲ್ಲ ಕಪ್ಪೆಯ ಬಾಯೊಳಗೆ ಸಾಲಾಗಿ ಇಟ್ಟಳು. ಗಾರೆಯ ತಂಪಿನಲ್ಲಿ ನೀರು ಇನ್ನಷ್ಟು ತಂಪಾಯಿತು. ದಾರಿಹೋಕರು ತಿರುವಿನಲ್ಲಿ ಕಪ್ಪೆಯನ್ನು ಕಂಡು ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, ನೇರವಾಗಿ ಬಾಯೊಳಗೆ ಬಂದು ಕೂರತೊಡಗಿದರು. ಎಂಟನೆಯ ದಿನ ಕೋಟೆಯಿಂದ ಪಾರುಪತ್ಯಗಾರ ಲಿಂಗರಸಯ್ಯನು ಅಳತೆಯ ಕೋಲು ಹಿಡಿದು ಬಂದನು. ಅಳೆದು ನೋಡಿದಾಗ ಕಪ್ಪೆಯು ಮೂರಾಳಿನ ಮೇಲೆ ಎರಡು ಮೊಳವಿತ್ತು. ಕಟ್ಟಳೆಯಂತೆ ತಲೆಯನ್ನು ಒಡೆಯಬೇಕು; ತಲೆ ಹೋದರೆ ಬಾಯಿಯ ಮೇಲ್ಛಾವಣಿಯೂ ಕುಸಿಯುತ್ತದೆ. ಆಗ ಕೆಂಚಯ್ಯನು ಮುಂದೆ ಬಂದನು.

"ಇನ್ನೂ ಹಸಿ ಐತೆ ಬುದ್ಧೀ. ಒಣಗಿದ ಮೇಲೆ ಕುಗ್ತೈತೆ."

"ಎಷ್ಟು ಕುಗ್ಗುತ್ತೆ?"

"ನೀವು ಎಷ್ಟು ಅಂದರೆ ಅಷ್ಟು."

ಲಿಂಗರಸಯ್ಯನು ಹದಿನೈದು ದಿನಗಳ ಗಡುವು ಕೊಟ್ಟು ಹೋದನು. ಆ ಹದಿನೈದು ದಿನ ಏಳು ಮನೆಯ ಕುಂಬಾರರು ಕಪ್ಪೆಯನ್ನು ಕುಗ್ಗಿಸಲು ಪಟ್ಟ ಪಾಡನ್ನು ಸಣ್ಣೀರಮ್ಮಜ್ಜಿ ಹೇಳುವಾಗ ನಕ್ಕು ನಕ್ಕು ಕೇಳುವವರ ಹೊಟ್ಟೆ ಹುಣ್ಣಾಗುತ್ತದೆ. ದಿನವೂ ಬೆಳಗ್ಗೆ ಅಳೆಯುವುದು, ಸಂಜೆ ಅಳೆಯುವುದು. ಬಿಸಿಲು ಸಾಲದೆಂದು ಸುತ್ತಲೂ ಕುಳ್ಳು, ಕಟ್ಟಿಗೆ ಒಟ್ಟಿ, ಆವಿಗೆಯಂತೆ ಬೆಂಕಿಯಿಟ್ಟರು. ಕಪ್ಪೆಯ ಹೊಟ್ಟೆ ಕಪ್ಪಾಯಿತೇ ಹೊರತು ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಕಾವಿಗೆ ಬೆನ್ನಿನ ಮೇಲೆ ಬಿರುಕು ಬಿಟ್ಟಿತೆಂದು ಇನ್ನೊಂದು ಪದರ ಗಾರೆ ಬಳಿದರು. ಮರುದಿನ ಅಳೆದಾಗ ಅದು ಒಂದು ಬೆರಳು ಬೆಳೆದಿತ್ತು! ಈ ಸುದ್ದಿಯು ಹೇರೆತ್ತಿನವರ ಬಾಯಲ್ಲಿ ಊರೂರಿಗೆ ಹರಡಿ, ಕಪ್ಪೆ ಕುಗ್ಗಿತೋ ಇಲ್ಲವೋ ಎಂದು ನೋಡುವುದಕ್ಕೇ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. "ಏನಜ್ಜಾ, ನಿನ್ನ ಕಪ್ಪೆ ಸೊರಗಿತಾ?" ಎಂದು ಹೆಂಗಸರು ಕೆಂಚಯ್ಯನನ್ನು ಕಾಡಿಸುತ್ತಿದ್ದರು. "ಉಪವಾಸ ಹಾಕಿದೀವಿ ಕಣವ್ವಾ, ನೋಡೋಣ" ಎಂದು ಅವನೂ ಬಿಡದೆ ಉತ್ತರ ಕೊಡುತ್ತಿದ್ದನು. ಬಂದವರೆಲ್ಲರೂ ನೀರು ಕುಡಿದರು. "ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದವರಿಗೆ "ಕಪ್ಪೆಬಾಯಿಗೆ" ಎಂದರು. ಈ ಹೆಸರು ಮೊದಲು ಹುಟ್ಟಿದ್ದು ಹೀಗೆ, ಅಧಿಕಾರದಲ್ಲಿದ್ದವರು ಯಾರೂ ಇಡದೆಯೇ.

ಹದಿನಾರನೆಯ ದಿನ, ಹೊತ್ತು ನೆತ್ತಿಗೇರುವಾಗ, ಹಾಲಪ್ಪನಾಯಕನೇ ಕುದುರೆಯೇರಿ ಬಂದನು. ಹಿಂದೆ ಸುತ್ತಿಗೆ ಹಿಡಿದ ಆರು ಜನರಿದ್ದರು. ನೂರಾರು ಜನ ಬಂಡೆಗಳ ಮೇಲೆ ಹತ್ತಿ ನೋಡುತ್ತಿದ್ದರು. ಕೆಂಚಯ್ಯನು ಇನ್ನೂ ಎಂಟು ದಿನ ಬೇಡಲೆಂದು ಬಾಯಿ ತೆರೆಯುವಷ್ಟರಲ್ಲಿ ಹೊನ್ನವ್ವನು ಅಡ್ಡ ಬಂದು ಕೈಮುಗಿದಳು. "ಇದು ಕುಗ್ಗೋದಿಲ್ಲ ಬುದ್ಧೀ. ಗಾರೆ ಕುಗ್ಗೋದಿಲ್ಲ. ನಮಗೆ ಗೊತ್ತಿರಲಿಲ್ಲ. ಎರಡೂವರೆ ಆಳಿಗೆ ಗೇಣಿಗೊಂದು ಬೆರಳು ನಾನೇ ಹೆಚ್ಚು ಬಿಟ್ಟಿದ್ದೆ."

ಕೆಂಚಯ್ಯನು ಬೆಚ್ಚಿಬಿದ್ದು ಸೊಸೆಯ ಕಡೆ ತಿರುಗಿದನು. "ನೀನೂ ಬಿಟ್ಟಿದ್ಯಾ? ನೀನು ಮರೆತಿರ್ತೀಯ ಅಂತ ನಾನು ಬಿಟ್ಟೆನಲ್ಲೇ!"

"ಅಯ್ಯೋ ಅಪ್ಪಾ," ಎಂದು ತಿಪ್ಪಣ್ಣನು ಹಣೆ ಬಡಿದುಕೊಂಡನು. "ನಿನಗೆ ವಯಸ್ಸಾತು, ಮರೆವು ಅಂತ ನಾನೂ ಬಿಟ್ಟೆ."

"ನನಗೆ ಮರೆವಾ? ನಿನ್ನೆ ಸಲಿಕೆ ಒರತೆ ಹತ್ರ ಬಿಟ್ಟು ಊರೆಲ್ಲ ಹುಡುಕಿದೋನು ಯಾರಲಾ?"

ಉಳಿದವಳು ದುರುಗವ್ವ. ಎಲ್ಲರೂ ಅವಳನ್ನೇ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, "ನನ್ನ ಯಾಕೆ ಹಂಗೆ ನೋಡ್ತೀರಿ? ಗಂಡಸರು ಮರೀತಾರೆ ಅಂತ ನಾನೂ ಒಂದಿಷ್ಟು ಬಿಟ್ಟೆ" ಎಂದಳು.

ನಾಯಕನು ಮೊದಲು ಮೀಸೆಯ ಮರೆಯಲ್ಲಿ ನಕ್ಕನು. ಆಮೇಲೆ ಕುದುರೆಯ ಕುತ್ತಿಗೆಯನ್ನು ಹಿಡಿದುಕೊಂಡು ನಕ್ಕನು. ಸುತ್ತಿಗೆಯವರೂ ನಕ್ಕರು, ಬಂಡೆಗಳ ಮೇಲಿದ್ದ ನೂರಾರು ಜನರೂ ನಕ್ಕರು. ನಗದೆ ಉಳಿದವನು ಲಿಂಗರಸಯ್ಯನೊಬ್ಬನೇ. "ನಗು ಬಂತೆಂದು ಕಟ್ಟಳೆ ಸಡಿಲವಾಗುವುದಿಲ್ಲ, ದೊರೆ. ಇದು ತಮ್ಮ ಅಜ್ಜನವರ ಮಾತು" ಎಂದನು. ನಗು ಒಮ್ಮೆಗೇ ನಿಂತಿತು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊನ್ನವ್ವನು ಇನ್ನೊಂದೇ ಬೇಡಿಕೆಯಿಟ್ಟಳು: ಒಡೆಯುವ ಮುಂಚೆ ನಾಯಕನು ಒಂದು ಸಲ ಕಪ್ಪೆಯ ತಲೆಯ ಮೇಲೆ ಹತ್ತಿ ನೋಡಬೇಕು. ನಾಯಕನು ಚಡಾವು ಕಳಚಿಟ್ಟು, ಬೆನ್ನಿನ ಉಬ್ಬುಗಳನ್ನು ಮೆಟ್ಟಿ ಮೇಲೆ ಹತ್ತಿದನು. ಅಲ್ಲಿಂದ ಕೋಟೆ ಕಾಣಲಿಲ್ಲ. ನಡುವೆ ಗುಡ್ಡ ಅಡ್ಡವಿತ್ತು. ಕಂಡದ್ದು ದಾರಿ. ದೂರದ ತಿರುವಿನಲ್ಲಿ ಹತ್ತಿಯ ಮೂಟೆ ಹೊತ್ತ ಎತ್ತುಗಳ ಸಾಲೊಂದು ಕಾಲೆಳೆಯುತ್ತ ಬರುತ್ತಿತ್ತು. ತಿರುವು ದಾಟಿದ್ದೇ ಮುಂದಿದ್ದವನು ತಲೆಯೆತ್ತಿದನು, ಕಪ್ಪೆಯನ್ನು ಕಂಡನು, ಕೈಯಿಂದ ತೋರಿಸಿ ಹಿಂದಿನವರಿಗೆ ಏನೋ ಕೂಗಿದನು. ಸಾಲಿಗೆ ಸಾಲೇ ಚುರುಕಾಯಿತು. ಕೂಸನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸೊಬ್ಬಳು ಓಡತೊಡಗಿದಳು. ಅವರೆಲ್ಲ ಬಂದು ಬಾಯೊಳಗೆ ನುಗ್ಗಿ ನೀರು ಕುಡಿಯುವವರೆಗೂ ನಾಯಕನು ಮೇಲೆಯೇ ನಿಂತಿದ್ದನು. ಆಮೇಲೆ ಇಳಿದು ಬಂದು, ಅವರ ನಡುವೆ ಕೂತು, ತಾನೂ ಒಂದು ತಂಬಿಗೆ ಕೇಳಿ ಕುಡಿದನು.

ಇಂದು ಹೋದವರಿಗೂ ಇವೆಲ್ಲ ಕಾಣುತ್ತವೆ. ಹೊಟ್ಟೆಯ ಮೇಲೆ ಆವಿಗೆಯ ಮಸಿ ಉಳಿದಿದೆ. ಎಷ್ಟು ಸುಣ್ಣ ಬಳಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಮತ್ತೆ ಮೂಡುತ್ತದೆ. ನಾಯಕನು ಹತ್ತಿದ ಬೆನ್ನಿನ ಉಬ್ಬುಗಳು ಮಕ್ಕಳ ಕಾಲಿನಿಂದ ನುಣುಪಾಗಿವೆ. ಬಾಯೊಳಗೆ ಏಳು ಗುಡಾಣಗಳಿವೆ, ಮನೆಗೊಂದರಂತೆ. ಇವುಗಳನ್ನೆಲ್ಲ ತೋರಿಸಿ ಮುಗಿದ ಮೇಲೆ ಸಣ್ಣೀರಮ್ಮಜ್ಜಿ ಎದ್ದುನಿಲ್ಲುತ್ತಾರೆ. ನಾಯಕನು ಅಂದು ತಂಬಿಗೆಯನ್ನು ಕೆಳಗಿಟ್ಟು ಕಪ್ಪೆಯ ಬಾಯಂಚಿಗೆ ಬಂದು, ಕುಂಬಾರರು, ಹೇರೆತ್ತಿನವರು, ಸುತ್ತಿಗೆಯವರು, ಲಿಂಗರಸಯ್ಯ ಎಲ್ಲರೂ ಕೇಳುವಂತೆ ಆಡಿದ ಮಾತನ್ನು ಅದೇ ಜಾಗದಲ್ಲಿ ನಿಂತು ಅವರು ಗಟ್ಟಿಯಾಗಿ ಹೇಳುತ್ತಾರೆ. ಫೋಟೊ ತೆಗೆಯುತ್ತಿದ್ದವರೂ ಕೈ ಇಳಿಸಿ ಕೇಳುತ್ತಾರೆ:

"ಎಲ್ಲರೂ ಕೇಳಿರಿ. ಈ ಕಪ್ಪೆಯ ಒಂದು ಚಕ್ಕೆಯನ್ನೂ ಯಾರೂ ಮುಟ್ಟಕೂಡದು. ಈ ಜಾಗದ ಹೆಸರು ಇಂದಿನಿಂದ ಕಪ್ಪೆಬಾಯಿ. ಅಜ್ಜನ ಕಟ್ಟಳೆಯೂ ಉಳಿಯಬೇಕು. ಅದಕ್ಕೆ ನನ್ನ ಬುರುಜನ್ನು ನಾಳೆಯಿಂದಲೇ ಮೂರು ಮೊಳ ಎತ್ತರಿಸಿ. ಅದರ ಅಳತೆ ಹಿಡಿಯುವುದಕ್ಕೆ ಮಾತ್ರ ಈ ಮನೆಯವರನ್ನು ಕರೆಯಬೇಡಿ."