ಜಾಂಬವ್ವನ ಜೇನುಬಿಲ್ಲೆ

ಒಂದು ಕಾಡಿನಲ್ಲಿ ಜಾಂಬವ್ವ ಎಂಬ ಕರಡಿ ಇದ್ದಳು. ಅವಳು ಮಾಡುವ ಜೇನುಬಿಲ್ಲೆ ಅಂದರೆ ಕಾಡಿಗೆ ಕಾಡೇ ಬಾಯಿ ಚಪ್ಪರಿಸುತ್ತಿತ್ತು. ಅಡಿಯಲ್ಲಿ ಜೇನು ಹಾಕಿ ಬೇಯಿಸಿದ ಮೆತ್ತನೆಯ ಹಿಟ್ಟು, ನಡುವೆ ನೆಲ್ಲಿಕಾಯಿ ಮುರಬ್ಬ, ಮೇಲೆ ತೆಳ್ಳಗೆ ಬೆಲ್ಲದ ಪಾಕ. ಅಬ್ಬಾ, ಹೇಳುವಾಗಲೇ ನನ್ನ ಬಾಯಲ್ಲಿ ನೀರು ಬಂತು!

ಆ ಕಾಡಿಗೊಂದು ಕಟ್ಟಳೆ ಇತ್ತು. ಬಿಸ್ಕತ್ತು ಮಾಡಿದವರು ಅದನ್ನೆಲ್ಲ ಮಳೆಗಾಲಕ್ಕೆಂದು ಉಗ್ರಾಣದ ಗುಹೆಗೆ ಕೊಡಬೇಕು. ಕೇಕ್ ಆದರೆ ಕೆಡುವ ಮೊದಲೇ ಮನೆಯ ಮರಿಗಳಿಗೆ, ಹಲ್ಲಿಲ್ಲದ ಮುದುಕರಿಗೆ ತಿನ್ನಿಸಬೇಕು. ಜಾಂಬವ್ವನ ತಾಯಿಗೆ ಒಂದೂ ಹಲ್ಲಿರಲಿಲ್ಲ. ಗಂಜಿ ಕುಡಿದು ಕುಡಿದು ನಾಲಗೆ ಕೆಟ್ಟಿತ್ತು. ಆ ಮುದುಕಿ ಆಸೆಪಟ್ಟು ತಿನ್ನುತ್ತಿದ್ದದ್ದು ಮಗಳ ಜೇನುಬಿಲ್ಲೆ ಒಂದನ್ನೇ.

ಗುಹೆ ಕಾಯುತ್ತಿದ್ದವನು ಕೆಂಚಪ್ಪ ಎಂಬ ನರಿ. ಅವನ ಕಣ್ಣು ಆ ಬಿಲ್ಲೆಗಳ ಮೇಲೆ ಬಿತ್ತು. ನೇರ ಹೋಗಿ ಕಾಡಿಗೆಲ್ಲ ನ್ಯಾಯ ಹೇಳುತ್ತಿದ್ದ ಆನೆಜ್ಜಿಯ ಮುಂದೆ ದೂರು ಕೊಟ್ಟ.

"ಅಜ್ಜಿ, ಜೇನುಬಿಲ್ಲೆ ಬಿಸ್ಕತ್ತು. ಜಾಂಬವ್ವ ಮನೆಯಲ್ಲಿ ಬಚ್ಚಿಟ್ಟಿದ್ದಾಳೆ!"

ಆನೆಜ್ಜಿ ಜಾಂಬವ್ವನನ್ನು ಬಿಲ್ಲೆಯ ಬುಟ್ಟಿಯ ಸಮೇತ ಕರೆಸಿದಳು. "ಯಾರಪ್ಪಾ ಹೇಳಿದ್ದು?" ಎಂದಳು ಜಾಂಬವ್ವ. "ಇದು ಹಿಟ್ಟು ಕಲಸಿ ಹುಯ್ದು ಬೇಯಿಸಿದ ಕೇಕು. ನಾನೇನು ಲಟ್ಟಣಿಗೆ ಮುಟ್ಟಿದ್ದೀನಾ?"

"ಕೇಕಾದರೆ ಚಾಕು ಹಾಕಿ ಕೊಯ್ಯಬೇಕು. ಇದನ್ನು ಕೈಯಲ್ಲಿ ಹಿಡಿದು ತಿಂತೀವಿ. ಸದ್ದು ಕೇಳಿ ಅಜ್ಜಿ," ಎಂದು ನರಿ ಒಂದನ್ನು ಮುರಿದ. ಮೇಲಿನ ಪಾಕ ಟಕ್ ಎಂದಿತು.

"ಸದ್ದೇನೋ ಬಿಸ್ಕತ್ತಿನದ್ದೇ," ಎಂದಳು ಆನೆಜ್ಜಿ.

ಜಾಂಬವ್ವನಿಗೆ ಅಳುವೇ ಬಂತು. "ಅಜ್ಜಿ, ಇಟ್ಟು ನೋಡಿ. ಬಿಸ್ಕತ್ತು ಇಟ್ಟರೆ ಮೆತ್ತಗಾಗುತ್ತೆ, ಕೇಕ್ ಇಟ್ಟರೆ ಗಟ್ಟಿಯಾಗುತ್ತೆ."

"ಸರಿ. ಗುಹೆಯಲ್ಲೇ ಇಡೋಣ. ಮೊದಲ ಮಳೆ ಬಿದ್ದಾಗ ತೆಗೆದು ನೋಡೋಣ. ಅಲ್ಲಿಯವರೆಗೆ ನೀನು ಬಿಲ್ಲೆ ಮಾಡುವ ಹಾಗಿಲ್ಲ," ಎಂದು ಆನೆಜ್ಜಿ ಬುಟ್ಟಿಯನ್ನು ಒಳಗಿಟ್ಟು, ಬಾಗಿಲಿಗೆ ಬಂಡೆ ಉರುಳಿಸಿದಳು.

ಅತ್ತ ಮುದುಕಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಮಲಗಿಬಿಟ್ಟಳು. ಇತ್ತ ನಮ್ಮ ಕೆಂಚಪ್ಪ ಗುಹೆಯ ಹಿಂದೆ ಗುಟ್ಟಾಗಿ ಬಿಲ ತೋಡಿದ. ಕಲ್ಲುನೆಲ ನೋಡಿ, ಪಾಪ, ದಿನಗಟ್ಟಲೆ ತೋಡಿದ, ಉಗುರೆಲ್ಲ ಸವೆಯಿತು. ಕೊನೆಗೂ ಒಳಗೆ ನುಗ್ಗಿ, ಬುಟ್ಟಿಗೆ ಕೈಹಾಕಿ, ಒಂದು ಬಿಲ್ಲೆಯನ್ನು ಆಸೆಯಿಂದ ಗಬಕ್ಕನೆ ಕಚ್ಚಿದ.

ಕಟಕ್!

"ಅಯ್ಯಯ್ಯೋ, ಸತ್ತೆ!" ಎಂದು ಬಿಲ್ಲೆ ಬಿಸಾಡಿ, ಬಂದ ದಾರಿಯಲ್ಲೇ ಓಡಿದ.

ಮೊದಲ ಮಳೆ ಬಿತ್ತು. ಎಲ್ಲರೂ ಸೇರಿದರು. ಆನೆಜ್ಜಿ ಬಂಡೆ ಸರಿಸಿದಳು. ಅಳಿಲು ಕೊಟ್ಟಿದ್ದ ರಾಗಿ ಬಿಸ್ಕತ್ತು ಥಂಡಿಗೆ ಮೆತ್ತಗಾಗಿತ್ತು. ಜೇನುಬಿಲ್ಲೆ ಮಾತ್ರ ಕಲ್ಲಾಗಿತ್ತು. ಬುಟ್ಟಿಯ ಪಕ್ಕ ಬಿದ್ದಿದ್ದ ಬಿಲ್ಲೆಯಲ್ಲಿ ಏನೋ ಬೆಳ್ಳಗೆ ನಾಟಿಕೊಂಡಿತ್ತು. ಆನೆಜ್ಜಿ ಅದನ್ನು ಸೊಂಡಿಲಲ್ಲಿ ಎತ್ತಿ ನೋಡಿದಳು.

"ಕೆಂಚಪ್ಪಾ, ಈಗಲೂ ಇದು ಬಿಸ್ಕತ್ತೇ ಏನೋ?"

ಬಾಯಿ ಮುಚ್ಚಿಕೊಂಡು ನಿಂತಿದ್ದ ನರಿಗೆ ವಾದದ ಚಟ ಬಿಡಬೇಕಲ್ಲ! "ಬಿಥ್ಕತ್ತೇ ಅಜ್ಜಿ!" ಎಂದುಬಿಟ್ಟ. ಮುಂದಿನ ಹಲ್ಲಿನ ಜಾಗ ಖಾಲಿ ಇದ್ದದ್ದು ಎಲ್ಲರಿಗೂ ಕಂಡಿತು. ಕಾಡೆಲ್ಲ ಗೊಳ್ಳೆಂದು ನಕ್ಕಿತು.

"ಇದು ಕೇಕೇ. ನೀನು ಕಳ್ಳನೇ," ಎಂದ ಆನೆಜ್ಜಿ ಅವನನ್ನು ಗುಹೆಯ ಕಾವಲಿನಿಂದ ತೆಗೆದು, ಜಾಂಬವ್ವನ ಒಲೆಗೆ ಸೌದೆ ಹೊರಲು ಹಚ್ಚಿದಳು.

ಅಂದೇ ಬಿಸಿಬಿಸಿ ಜೇನುಬಿಲ್ಲೆ ಬೆಂದಿತು. ಮುದುಕಿ ಎದ್ದು ಕೂತು ಬೊಚ್ಚುಬಾಯಿ ತುಂಬ ತಿಂದಳು. ಬಾಗಿಲಲ್ಲಿ ಸೌದೆ ಹೊತ್ತು ನಿಂತ ನರಿಯನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಿತು.

"ಬಾರಪ್ಪಾ, ತಗೋ. ನೀನೂ ಈಗ ನನ್ನ ಹಾಗೇ ಅಲ್ವಾ? ಕೇಳಿದ್ದರೆ ಅವತ್ತೇ ಕೊಡ್ತಿದ್ದೆನಲ್ಲೋ!"

ನರಿ ತಲೆ ತಗ್ಗಿಸಿಕೊಂಡೇ ತಿಂದ.

ನೀತಿ: ಬೇರೆಯವರ ತುತ್ತು ಕಸಿಯಲು ಎಷ್ಟೇ ಜಾಣತನದಿಂದ ವಾದ ಹೂಡಿದರೂ, ಸತ್ಯ ಒಂದು ದಿನ ನಮ್ಮ ಬಾಯಿಂದಲೇ ಹೊರಬೀಳುತ್ತದೆ.