ಎಮ್ಮೆಯ ಪಾಲಿನ ಮಾತು

ಒಂದು ಗುಡ್ಡ, ಗುಡ್ಡದ ಕೆಳಗೊಂದು ಹಟ್ಟಿ, ಹಟ್ಟಿಯಲ್ಲಿ ಚೌಡವ್ವ, ಚೌಡವ್ವನಿಗೆ ತಿಪ್ಪೇಶನೆಂಬ ಮಗ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ. ಅದೇ ಅವಳ ಗೋಳು.

ಆ ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಬಂಡೆಯ ಮೇಲೆ. ಊರೆಲ್ಲ ಅಲ್ಲೇ ಮುತ್ತಿದರೆ ಯಾರ ಮಾತೂ ಹೋಗದು. ಟವರ್ ರಿಪೇರಿಗೆ ಬಂದ ಹನೀಫ್ ಸಾಹೇಬರು ತಿಪ್ಪೇಶನನ್ನು ಬಂಡೆ ಕಾಯಲು ನಿಲ್ಲಿಸಿದರು. "ಒಬ್ಬರದು ಮುಗಿದ ಮೇಲೆ ಇನ್ನೊಬ್ಬರನ್ನು ಬಿಡಪ್ಪ."

ಚೌಡವ್ವನಿಗೆ ಹಿಗ್ಗು. ಮಗಳು ಪಾಲಾಕ್ಷಿಗೆ ಗಂಡನೂರಲ್ಲಿ ದಿನ ತುಂಬಿತ್ತು. ಹೆರಿಗೆಯ ಸುದ್ದಿ ಆ ಬಂಡೆಗೇ ಬರಬೇಕು. ಮನೆಯ ಫೋನು ಮಗನ ಜೇಬಿನಲ್ಲಿ.

ಮೊದಲು ಬಂಡೆ ಹತ್ತಿದವಳು ಬಳೆಗಾರ್ತಿ ರುದ್ರಕ್ಕ. ಬೆಳಿಗ್ಗೆ ಶುರು ಮಾಡಿದವಳು ಸಂಜೆವರೆಗೆ ತಂಗಿಯ ಜೊತೆ ಮಾತಾಡಿದಳು. ಕೆಳಗೆ ನಲವತ್ತು ಜನ!

"ಅವರದು ಮುಗೀಲಿಲ್ಲವಲ್ಲ!" ಅಂದ ತಿಪ್ಪೇಶ.

"ಅಯ್ಯೋ ಮಂಕೇ!" ಚೌಡವ್ವ ಹಣೆ ಚಚ್ಚಿಕೊಂಡಳು.

ಸಾಹೇಬರು ಟವರಿಗೆ ಎಂಟು ಹೊಸ ಆಂಟೆನಾ ಕಟ್ಟಿದರು. "ಇನ್ನು ಎಂಟು ಜನ ಒಟ್ಟಿಗೇ ಮಾತಾಡಲಿ. ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಒಬ್ಬರಿಗೊಬ್ಬರು ಅಡ್ಡ ಬರಬಾರದು."

ಮರುದಿನ ತಿಪ್ಪೇಶ ಎಂಟು ಜನರನ್ನು ಎಂಟು ದಿಕ್ಕಿಗೆ ತಿರುಗಿಸಿದ. "ಅಡ್ಡ ಬರಬೇಡಿ! ನೆಟ್ಟಗೆ ನಡೀರಿ!" ಪಡುವಣ ದಿಕ್ಕು ಸಿಕ್ಕಿದ್ದು ಊರಗೌಡರಿಗೆ. ಮಾತಾಡುತ್ತ ಮಾತಾಡುತ್ತ ಕತ್ತಾಳೆ ಪೊದೆಗೆ ಬಿದ್ದರು.

"ದಿಕ್ಕು ನೋಡೋದು ಟವರಿನ ಕೆಲಸ ಕಣೋ!" ಸಾಹೇಬರು ಕೂಗಾಡಿದರು.

"ಮಗನೇ, ದಿಕ್ಕುಗಿಕ್ಕು ಬಿಡು" ಅಂದಳು ಚೌಡವ್ವ. "ಏನೇ ಬರಲಿ, ಬಂಡೆ ಹತ್ತಿರ ಇರುವವರಿಗೆಲ್ಲ ಸಮನಾಗಿ ಹಂಚು. ಯಾರಿಗೂ ಇಲ್ಲ ಅನ್ನಬೇಡ."

ಮೂರನೇ ದಿನ ಅಳಿಯನ ಫೋನು ಬಂತಂತೆ. ಚೌಡವ್ವ ಓಡಿ ಬಂದಳು. "ಏನಂತೋ?"

"ಅಕ್ಕನಿಗೆ!" ಅಂದ ತಿಪ್ಪೇಶ. ಬಾಯಿ ಮುಚ್ಚಿದ.

"ಅಕ್ಕನಿಗೆ ಏನಾಯ್ತೋ?"

"ನಿನ್ನ ಪಾಲು ಅಷ್ಟೇ ಅವ್ವ. ಉಳಿದದ್ದು ಹಂಚಿಬಿಟ್ಟೆ."

ಚೌಡವ್ವ ರುದ್ರಕ್ಕನತ್ತ ತಿರುಗಿದಳು.

"ನನಗೆ ಬಂದದ್ದು 'ಹೆಣ್ಣುಮಗು', ತಾಯಿ."

ಗೌಡರು ಮುಳ್ಳು ಕೀಳುತ್ತ ಅಂದರು, "ನನಗೆ 'ಇಬ್ಬರೂ'."

"ಇಬ್ಬರೂ ಏನೋ? ಕೊನೇದು ಯಾರಿಗೆ ಕೊಟ್ಟೆ?"

ತಿಪ್ಪೇಶ ಬಂಡೆ ಪಕ್ಕ ಮೆಲುಕು ಹಾಕುತ್ತಿದ್ದ ಎಮ್ಮೆಯನ್ನು ತೋರಿಸಿದ. "ಅದೂ ಹತ್ತಿರವೇ ಇತ್ತಲ್ಲ!"

"ಏನು ಹೇಳಿದೆಯೋ ಅದಕ್ಕೆ?"

"ಅದರ ಪಾಲು ನಿನಗೆ ಹೇಗೆ ಕೊಡಲವ್ವ?"

ಚೌಡವ್ವ ಅವನ ಕಿವಿ ಹಿಂಡುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಕಿತ್ತುಕೊಂಡು ಕಿವಿಗಿಟ್ಟಳು.

"ಅವ್ವಾ!"

ಮಗಳದೇ ದನಿ. ನಗುವ ದನಿ. ಚೌಡವ್ವನಿಗೆ ಹೋದ ಜೀವ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿನ್ನದಾಯ್ತವ್ವ" ಎಂದು ತಿಪ್ಪೇಶ ಫೋನು ಕಸಿದು ಎಮ್ಮೆಯ ಮೂತಿಗೆ ಹಿಡಿದ. ಎಮ್ಮೆ ಕತ್ತು ಚಾಚಿ ಒದರಿತು.

ಆ ಕಡೆಯಿಂದ ಪಾಲಾಕ್ಷಿ ಗದರಿದಳು: "ಸುಮ್ಮನಿರವ್ವ! ಇಬ್ಬರೂ ಚೆನ್ನಾಗಿದ್ದೀವಿ. ಇಷ್ಟಕ್ಕೆಲ್ಲ ಹೀಗೆ ಅಳ್ತಾರಾ?"